ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ: ತೊಡೆಯ ಕೊಬ್ಬು ಕರಗಿಸುವ ಯಂತ್ರಗಳ ಬಗ್ಗೆ ಒಬ್ಬ ಹೃದ್ರೋಗ ವೈದ್ಯನ ಮಾತು



ಕಳೆದ ತಿಂಗಳು ನನ್ನ ಓಪಿಡಿಗೆ ತಾಯಿ, ಮಗಳು ಬಂದಿದ್ದರು. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿ ಹೇಳುತ್ತೇನೆ. ಶಿವಮೊಗ್ಗದ ಕಡೆಯವರು. ಮಗಳಿಗೆ ಮೂವತ್ತೆಂಟು, ಮದುವೆಯಾಗಿ ಚೆನ್ನೈಗೆ ಬಂದು ಹದಿಮೂರು ವರ್ಷ, ಐಟಿ ಕೆಲಸ. ತಾಯಿಗೆ ಪೇಸ್‌ಮೇಕರ್ ಇದೆ, ಅದರ ವರ್ಷದ ತಪಾಸಣೆಗೆ ಬಂದಿದ್ದು. ಎಲ್ಲ ಮುಗಿದು ತಾಯಿ ಹೊರಗೆ ಹೋಗಿ ಕೂತ ಮೇಲೆ ಮಗಳು ಬಾಗಿಲ ಹತ್ತಿರ ನಿಂತು, ಸ್ವಲ್ಪ ಸಂಕೋಚದಿಂದ ಫೋನು ನನ್ನ ಮುಂದೆ ಹಿಡಿದರು. ಒಂದು ಜಾಹೀರಾತು. ತೊಡೆಯ ಕೊಬ್ಬನ್ನು ರೇಡಿಯೋ ಫ್ರೀಕ್ವೆನ್ಸಿಯಿಂದ ಕರಗಿಸುತ್ತಾರೆ, ಕತ್ತರಿ ಇಲ್ಲ, ಸೂಜಿ ಇಲ್ಲ, ಎಂಟು ಸಿಟ್ಟಿಂಗ್, ಕಂತಿನಲ್ಲಿ ಕಟ್ಟಬಹುದು, "ಅಮೆರಿಕದ ಎಫ್‌ಡಿಎ ಮಾನ್ಯತೆ" ಎಂದು ದಪ್ಪ ಅಕ್ಷರ.

"ಡಾಕ್ಟ್ರೇ, ಇದ್ರಿಂದ ಹಾರ್ಟಿಗೆ ಏನೂ ಆಗಲ್ಲ ಅಲ್ವಾ?"

ನಾನು ಚರ್ಮರೋಗ ತಜ್ಞನಲ್ಲ. ಆದರೂ ಈ ಪ್ರಶ್ನೆ ಈಗ ನನ್ನ ಬಳಿಗೆ ಬರುತ್ತಲೇ ಇದೆ, ಹೆಚ್ಚಾಗಿ ನಮ್ಮ ಕನ್ನಡದ ಮನೆಗಳಿಂದಲೇ. ಊರಿನಿಂದ ದೂರ ಇದ್ದೇವೆ, ಇಲ್ಲಿ ಗೊತ್ತಿರುವ ಡಾಕ್ಟರು ಒಬ್ಬನೇ, ಅವನನ್ನೇ ಕಾಲಿನಿಂದ ತಲೆಕೂದಲಿನವರೆಗೆ ಎಲ್ಲ ಕೇಳೋಣ ಅನ್ನುವ ಸಲಿಗೆ. ಅದು ನನಗೆ ಇಷ್ಟವೇ. ಅವತ್ತು ಬಾಗಿಲಲ್ಲಿ ನಿಂತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಇದು ಪೂರ್ತಿ ಬೊಗಳೆ ಅಲ್ಲ. ರೇಡಿಯೋ ಫ್ರೀಕ್ವೆನ್ಸಿ ಅಂದರೆ ಒಂದು ಸೆಕೆಂಡಿಗೆ ಲಕ್ಷಾಂತರ, ಕೋಟ್ಯಂತರ ಸಲ ದಿಕ್ಕು ಬದಲಿಸುವ ವಿದ್ಯುತ್. ಅದು ದೇಹದೊಳಗೆ ಹಾಯುವಾಗ ಅಂಗಾಂಶ ಬಿಸಿಯಾಗುತ್ತದೆ. ಚರ್ಮಕ್ಕೆ, ಮಾಂಸಕ್ಕೆ ರಕ್ತ ಧಾರಾಳವಾಗಿ ಹರಿಯುವುದರಿಂದ ಆ ಬಿಸಿ ಬೇಗ ಇಳಿದುಹೋಗುತ್ತದೆ. ಕೊಬ್ಬಿನ ಪದರಕ್ಕೆ ರಕ್ತ ಕಡಿಮೆ, ಬಿಸಿ ಅಲ್ಲೇ ನಿಲ್ಲುತ್ತದೆ. ಕೊಬ್ಬಿನ ಜೀವಕೋಶವನ್ನು 43ರಿಂದ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 15 ನಿಮಿಷ ಇಟ್ಟರೆ ಅದು ತಕ್ಷಣ ಸಾಯುವುದಿಲ್ಲ, ಕೆಲವು ದಿನ ಕಳೆದು ಸಾಯುತ್ತದೆ ಎಂದು 2010ರಲ್ಲೇ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಸತ್ತ ಕೋಶಗಳನ್ನು ದೇಹವೇ ವಾರಗಟ್ಟಲೆ ಕಾಲ ತೆಗೆದುಕೊಂಡು ಗುಡಿಸುತ್ತದೆ. ಇಷ್ಟರವರೆಗೆ ವಿಜ್ಞಾನ ಸರಿಯಾಗಿದೆ.

ನಾವು ಹೃದಯದ ಡಾಕ್ಟರುಗಳೂ ಇದೇ ಶಕ್ತಿಯನ್ನು ಬಳಸುತ್ತೇವೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಕೆಲವರಿಗೆ ಹುಟ್ಟಿನಿಂದ ಹೃದಯದಲ್ಲಿ ಒಂದು ಹೆಚ್ಚುವರಿ ವಿದ್ಯುತ್ ದಾರಿ ಇರುತ್ತದೆ, ಇದ್ದಕ್ಕಿದ್ದಂತೆ ಎದೆ ಡವಡವ ಎಂದು ಓಡತೊಡಗುತ್ತದೆ. ತೊಡೆಸಂದಿಯ ರಕ್ತನಾಳದ ಮೂಲಕ ತೆಳ್ಳನೆಯ ತಂತಿ ಕಳಿಸಿ, ಅದರ ತುದಿಯಿಂದ ರೇಡಿಯೋ ಫ್ರೀಕ್ವೆನ್ಸಿ ಕೊಟ್ಟು, ಆ ಒಂದು ಚುಕ್ಕೆಯನ್ನು 50 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡಿ ಸುಡುತ್ತೇವೆ. ದಾರಿ ಮುಚ್ಚಿದ ಕ್ಷಣ ಇಸಿಜಿಯ ಆಕಾರವೇ ಬದಲಾಗುತ್ತದೆ. ಕೋಣೆಯಲ್ಲಿರುವ ಎಲ್ಲರಿಗೂ ಕಾಣುತ್ತದೆ, ವಾದಕ್ಕೆ ಜಾಗವಿಲ್ಲ.

ತೊಡೆಯ ವಿಷಯದಲ್ಲಿ ಅಂಥ ಇಸಿಜಿ ಇಲ್ಲ. ಇರುವುದು ದರ್ಜಿಯ ಟೇಪು.

ಈಗ ಪುರಾವೆ ನೋಡೋಣ. ತೊಡೆಗೆಂದೇ ಮಾಡಿದ ಅಧ್ಯಯನಗಳಲ್ಲಿ ಒಂದು 2016ರಲ್ಲಿ ಚರ್ಮಚಿಕಿತ್ಸೆಯ ಪತ್ರಿಕೆಯೊಂದರಲ್ಲಿ ಬಂತು. 40 ಜನ, ಚರ್ಮಕ್ಕೆ ತಾಗದೆ ಬಿಸಿ ಮಾಡುವ ಯಂತ್ರ, ವಾರಕ್ಕೊಂದರಂತೆ ನಾಲ್ಕು ಸಿಟ್ಟಿಂಗ್. ತೊಡೆಯ ಸುತ್ತಳತೆ ಸರಾಸರಿ 2.43 ಸೆಂಟಿಮೀಟರ್ ಇಳಿಯಿತು. ಇನ್ನೊಂದು 2008ರದು, ಬೇರೆ ಬಗೆಯ ರೇಡಿಯೋ ಫ್ರೀಕ್ವೆನ್ಸಿ, 30 ಹೆಂಗಸರು, ಎರಡು ವಾರಕ್ಕೊಮ್ಮೆ ಆರು ಸಿಟ್ಟಿಂಗ್. ಅಲ್ಲಿ ಇಳಿದದ್ದು 2.45 ಸೆಂಟಿಮೀಟರ್. ಎರಡೂ ಅಂಕಿ ಹೆಚ್ಚುಕಡಿಮೆ ಒಂದೇ, ಅಂದರೆ ಏನೋ ಆಗುತ್ತಿದೆ ಎಂದು ಒಪ್ಪಿಕೊಳ್ಳೋಣ.

ಆದರೆ ಎರಡೂವರೆ ಸೆಂಟಿಮೀಟರ್ ಎಂದರೆ ಎಷ್ಟು? ಅದು ಸುತ್ತಳತೆ ಎಂಬುದನ್ನು ಮರೆಯಬೇಡಿ. ಹೈಸ್ಕೂಲಿನ ವೃತ್ತದ ಲೆಕ್ಕ ಮಾಡಿದರೆ, ತೊಡೆ ಎಲ್ಲ ಬದಿಯಿಂದಲೂ ಸುಮಾರು 4 ಮಿಲಿಮೀಟರ್ ಒಳಗೆ ಸರಿಯಿತು ಎಂದರ್ಥ. ಚಪಾತಿಯ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ. ಟೇಪನ್ನು ಒಂದು ಬೆರಳು ಮೇಲೆ ಹಿಡಿದರೆ, ಸ್ವಲ್ಪ ಬಿಗಿಯಾಗಿ ಎಳೆದರೆ, ನಿಂತವರು ಭಾರವನ್ನು ಇನ್ನೊಂದು ಕಾಲಿಗೆ ಹಾಕಿದರೆ, ಬೆಳಗ್ಗೆಯ ಬದಲು ಸಂಜೆ ಅಳೆದರೆ, ಒಂದು ಸೆಂಟಿಮೀಟರ್ ಆಚೀಚೆ ಆಗುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ. ಬ್ಲೌಸ್ ಹೊಲಿಸುವ ಯಾರನ್ನು ಬೇಕಾದರೂ ಕೇಳಿ.

2008ರ ಆ ಅಧ್ಯಯನದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ ವಿಷಯ ಜಾಹೀರಾತಿನಲ್ಲಿ ಎಂದೂ ಬರುವುದಿಲ್ಲ. ಅವರು ಎಂಆರ್‌ಐ ಕೂಡ ಮಾಡಿಸಿದ್ದರು. ಎಂಆರ್‌ಐನಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ರಕ್ತದ ಕೊಬ್ಬಿನಂಶವೂ ಇದ್ದಲ್ಲೇ ಇತ್ತು. ಚರ್ಮದ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೇಲಿನ ಚರ್ಮದಲ್ಲಿ ನಾರು ಹೆಚ್ಚಿತ್ತು. ನನ್ನ ಓದಿನ ಪ್ರಕಾರ ಆ ಹೆಂಗಸರ ಕಾಲು ಬಿಗಿಯಾಗಿ, ಸ್ವಲ್ಪ ನುಣುಪಾಗಿ ಕಂಡದ್ದು ಕೊಬ್ಬು ಕರಗಿದ್ದರಿಂದ ಅಲ್ಲ, ಚರ್ಮ ಬಿಗಿದದ್ದರಿಂದ. ಅದೇ ವರ್ಷ ಇನ್ನೊಬ್ಬ ವೈದ್ಯೆ ಹೆಚ್ಚು ಪ್ರಾಮಾಣಿಕವಾದ ಪರೀಕ್ಷೆ ಮಾಡಿದರು. ಹತ್ತು ಜನರ ಒಂದು ತೊಡೆಗೆ ಮಾತ್ರ ಚಿಕಿತ್ಸೆ, ಇನ್ನೊಂದು ತೊಡೆ ಹಾಗೇ ಬಿಟ್ಟದ್ದು, ಅಳೆಯುವವರಿಗೆ ಯಾವುದು ಯಾವುದೆಂದು ಗೊತ್ತಿಲ್ಲ. ತೊಡೆಯ ಮೇಲಿನ ಕಿತ್ತಳೆ ಸಿಪ್ಪೆಯಂಥ ಗುಳಿಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿತು, ಆದರೆ ಸಂಖ್ಯಾಶಾಸ್ತ್ರದ ಮುಂದೆ ನಿಲ್ಲುವಷ್ಟು ವ್ಯತ್ಯಾಸ ಸಿಗಲಿಲ್ಲ.

ಹೋಲಿಸಿ ನೋಡುವುದು ಯಾಕೆ ಇಷ್ಟು ಮುಖ್ಯ ಎನ್ನುವುದಕ್ಕೆ ನನ್ನ ಕ್ಷೇತ್ರದ್ದೇ ಒಂದು ಕತೆ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಮಾತ್ರೆಗೆ ಬಗ್ಗದ ಬಿಪಿಗೆ ಒಂದು ಹೊಸ ಚಿಕಿತ್ಸೆ ಬಂತು. ಮೂತ್ರಪಿಂಡದ ರಕ್ತನಾಳದ ಗೋಡೆಯಲ್ಲಿರುವ ನರಗಳನ್ನು ಇದೇ ರೇಡಿಯೋ ಫ್ರೀಕ್ವೆನ್ಸಿಯಿಂದ ಸುಡುವುದು. ಮೊದಲ ಅಧ್ಯಯನಗಳಲ್ಲಿ ಮೇಲಿನ ಬಿಪಿ 30ಕ್ಕೂ ಹೆಚ್ಚು ಅಂಕ ಇಳಿಯಿತು. ನಾವೆಲ್ಲ ಕುಣಿದಾಡಿದೆವು. 2014ರಲ್ಲಿ ಅಮೆರಿಕದಲ್ಲಿ 535 ರೋಗಿಗಳ ಮೇಲೆ ಸರಿಯಾದ ಪರೀಕ್ಷೆ ನಡೆಯಿತು. ಕೆಲವರಿಗೆ ನಿಜವಾದ ಚಿಕಿತ್ಸೆ, ಇನ್ನು ಕೆಲವರಿಗೆ ಬರೀ ಆಂಜಿಯೋಗ್ರಾಮ್ ಮಾಡಿ ಕಳಿಸಿದ್ದು, ಯಾರಿಗೆ ಯಾವುದಾಯಿತೆಂದು ರೋಗಿಗೆ ತಿಳಿಸಲಿಲ್ಲ. ಆರು ತಿಂಗಳಿಗೆ ನಿಜವಾದ ಚಿಕಿತ್ಸೆ ಪಡೆದವರಲ್ಲಿ ಬಿಪಿ ಸುಮಾರು 14 ಅಂಕ ಇಳಿದಿತ್ತು. ಏನೂ ಮಾಡಿಸಿಕೊಳ್ಳದವರಲ್ಲೂ ಸುಮಾರು 12 ಅಂಕ! ಮುಂದೆ ಯಂತ್ರ ಸುಧಾರಿಸಿ, ಮತ್ತೆ ಪರೀಕ್ಷೆಗಳಾಗಿ, ಸಾಧಾರಣ ಲಾಭವಿದೆ ಎಂದು ಸಿದ್ಧವಾದ ಮೇಲೆ 2023ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಆ ಮೊದಲಿನ ಮೂವತ್ತು ಅಂಕದ ಮಾತು ಈಗ ಯಾರೂ ಆಡುವುದಿಲ್ಲ. ತೊಡೆಯ ಯಂತ್ರಗಳ ಹೆಚ್ಚಿನ ಅಧ್ಯಯನಗಳು ಇನ್ನೂ ಆ ಮೊದಲ ಹಂತದಲ್ಲೇ ನಿಂತಿವೆ. ಕೆಲವೇ ಜನ, ಕೆಲವೇ ತಿಂಗಳು, ಹೋಲಿಕೆಗೆ ಇನ್ನೊಂದು ಗುಂಪಿಲ್ಲ. ಇಷ್ಟು ದುಡ್ಡು ಕಟ್ಟಿದವರು ಆ ಎರಡು ತಿಂಗಳು ಬೇಕರಿ ಕಡೆ ತಲೆ ಹಾಕುವುದಿಲ್ಲ, ಸಂಜೆ ನಡೆಯುತ್ತಾರೆ. ಇಳಿದದ್ದು ಯಂತ್ರದಿಂದಲೋ ಬೇಕರಿ ಬಿಟ್ಟಿದ್ದರಿಂದಲೋ?

ಎಫ್‌ಡಿಎ ಮಾನ್ಯತೆ ಎಂಬ ಮಾತಿಗೂ ಹೆದರಬೇಡಿ. ಇಂಥ ಯಂತ್ರಗಳಲ್ಲಿ ಹೆಚ್ಚಿನವು ಅಲ್ಲಿ ಬರುವುದು, ಮೊದಲೇ ಮಾರುಕಟ್ಟೆಯಲ್ಲಿರುವ ಇನ್ನೊಂದು ಯಂತ್ರಕ್ಕೆ ಇದು ಸಮಾನ ಎಂದು ತೋರಿಸುವ ದಾರಿಯಿಂದ. ಹೊಸ ಔಷಧಿಗೆ ಬೇಕಾದ ದೊಡ್ಡ ಪರೀಕ್ಷೆ ಇದಕ್ಕೆ ಬೇಕಿಲ್ಲ. ಎಷ್ಟೋ ಯಂತ್ರಗಳ ಮಾನ್ಯತಾ ಪತ್ರದಲ್ಲಿ ಸುತ್ತಳತೆಯ "ತಾತ್ಕಾಲಿಕ" ಇಳಿಕೆಗೆ ಎಂದೇ ಬರೆದಿರುತ್ತದೆ. ಆ ಒಂದು ಪದ ಪ್ಯಾರಿಸ್‌ನಿಂದ ಪಲ್ಲಾವರಂವರೆಗೆ ಯಾವ ಜಾಹೀರಾತಿಗೂ ದಾಟಿ ಬರುವುದಿಲ್ಲ.

ಇಷ್ಟು ಹೇಳಿದರೆ ಚರ್ಮದ ಡಾಕ್ಟರೂ ಹೇಳಿಯಾರು. ನಾನು ಪೆನ್ನು ಹಿಡಿದದ್ದು ಬೇರೆ ಕಾರಣಕ್ಕೆ.

ತೊಡೆಯ ಕೊಬ್ಬು ನಿಮ್ಮ ಶತ್ರು ಅಲ್ಲ. ದೇಹದಲ್ಲಿ ಕೊಬ್ಬು ಎಲ್ಲಿ ಕೂತಿದೆ ಎನ್ನುವುದು, ಎಷ್ಟಿದೆ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ತೊಡೆ, ಪೃಷ್ಠದ ಕೊಬ್ಬು ಬ್ಯಾಂಕಿನ ಫಿಕ್ಸೆಡ್ ಡಿಪಾಸಿಟ್ ಇದ್ದ ಹಾಗೆ. ಊಟದ ನಂತರ ರಕ್ತದಲ್ಲಿ ಓಡಾಡುವ ಕೊಬ್ಬನ್ನು ಹಿಡಿದು ಒಳಗಿಡುತ್ತದೆ, ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ಹೊಟ್ಟೆಯೊಳಗೆ ಕರುಳಿನ ಸುತ್ತ ಸೇರುವ ಕೊಬ್ಬು ಹಾಗಲ್ಲ. ಅದು ಹೊತ್ತಿಲ್ಲದ ಹೊತ್ತಿನಲ್ಲಿ ಕೊಬ್ಬಿನಾಮ್ಲಗಳನ್ನು ನೇರ ಯಕೃತ್ತಿನ ಕಡೆಗೆ ಸುರಿಯುತ್ತದೆ. ಸಕ್ಕರೆ ಏರುವುದು, ಟ್ರೈಗ್ಲಿಸರೈಡ್ ಏರುವುದು, ಹೃದಯದ ರಕ್ತನಾಳ ಕಟ್ಟುವುದು ಅಲ್ಲಿಂದ ಶುರು. ಹುಟ್ಟಿನಿಂದ ಕೈಕಾಲಿನಲ್ಲಿ ಕೊಬ್ಬು ನಿಲ್ಲದ ಒಂದು ಅಪರೂಪದ ವಂಶವಾಹಿ ಕಾಯಿಲೆ ಇದೆ. ಅವರ ಕಾಲು ಕ್ರೀಡಾಪಟುಗಳ ಕಾಲಿನಂತೆ ಕಾಣುತ್ತದೆ, ಆದರೆ ಚಿಕ್ಕ ವಯಸ್ಸಿಗೇ ಮಧುಮೇಹ, ಹೃದ್ರೋಗ.

ದೊಡ್ಡ ಲೆಕ್ಕವೂ ಇದೇ ಹೇಳುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿರುವ ಡಾ. ಸಲೀಂ ಯೂಸುಫ್ ಅವರ ಮುಂದಾಳತ್ವದಲ್ಲಿ ಇಂಟರ್‌ಹಾರ್ಟ್ ಎಂಬ ಅಧ್ಯಯನ ನಡೆಯಿತು. 52 ದೇಶ, 27 ಸಾವಿರಕ್ಕೂ ಹೆಚ್ಚು ಜನ. 2005ರಲ್ಲಿ ಬಂದ ಅದರ ವರದಿಯಲ್ಲಿ ಹೃದಯಾಘಾತದ ಸುಳಿವು ಕೊಟ್ಟದ್ದು ಬಿಎಂಐಗಿಂತ ಹೆಚ್ಚಾಗಿ ಸೊಂಟ ಮತ್ತು ಪೃಷ್ಠದ ಅಳತೆಗಳ ಅನುಪಾತ. ಪೃಷ್ಠದ ಸುತ್ತಳತೆ ಹೆಚ್ಚಿದ್ದವರಿಗೆ ಅಪಾಯ ಕಡಿಮೆ. 2009ರಲ್ಲಿ ಡೆನ್ಮಾರ್ಕಿನ 2,816 ಜನರ ಅಧ್ಯಯನ ಬಂತು. ತೊಡೆಯ ಸುತ್ತಳತೆ ಸುಮಾರು 60 ಸೆಂಟಿಮೀಟರಿಗಿಂತ ಕಡಿಮೆ ಇದ್ದವರಲ್ಲಿ ಹೃದ್ರೋಗವೂ ಅಕಾಲ ಮರಣವೂ ಹೆಚ್ಚು. ಹಾಗೆಂದು ಟೇಪು ಹಿಡಿದು 60 ಮುಟ್ಟಿಸಲು ಹೋಗಬೇಡಿ. ಅವರ ಮೈಕಟ್ಟು ಬೇರೆ, ನಮ್ಮದು ಬೇರೆ, ಮತ್ತು ಆ ಲಾಭದಲ್ಲಿ ಮಾಂಸಖಂಡದ ಪಾಲೂ ಇರಬೇಕು. ಆದರೆ ತೊಡೆ ತೆಳ್ಳಗಾದರೆ ಹೃದಯಕ್ಕೆ ಒಳ್ಳೆಯದು ಎನ್ನುವ ಪುರಾವೆ ಮಾತ್ರ ಎಲ್ಲಿಯೂ ಇಲ್ಲ.

ಕೊಬ್ಬನ್ನು ನಿಜವಾಗಿ ಹೊರಗೆ ತೆಗೆದಾಗ ಏನಾಯಿತು ಎಂಬುದೂ ಗೊತ್ತಿದೆ. 2004ರಲ್ಲಿ ಅಮೆರಿಕದಲ್ಲಿ 15 ಸ್ಥೂಲಕಾಯದ ಹೆಂಗಸರ ಹೊಟ್ಟೆಯ ಚರ್ಮದಡಿಯಿಂದ ಲೈಪೋಸಕ್ಷನ್ ಮಾಡಿ ತಲಾ ಸುಮಾರು 10 ಕಿಲೋ ಕೊಬ್ಬು ತೆಗೆದರು. ಮೂರು ತಿಂಗಳ ಹೊತ್ತಿಗೆ ನೋಡಿದರೆ ಬಿಪಿ, ಇನ್ಸುಲಿನ್, ಕೊಲೆಸ್ಟರಾಲ್ ಒಂದೂ ಸುಧಾರಿಸಿರಲಿಲ್ಲ. 2011ರಲ್ಲಿ ಕೊಲರಾಡೋದ ಸಂಶೋಧಕರು ಸ್ಥೂಲಕಾಯ ಇಲ್ಲದ 32 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತೊಡೆ, ಪೃಷ್ಠ ಮತ್ತು ಕಿಬ್ಬೊಟ್ಟೆಯ ಕೊಬ್ಬು ತೆಗೆಸಿದರು. ಒಂದು ವರ್ಷದಲ್ಲಿ ತೆಗೆದಷ್ಟು ಕೊಬ್ಬು ವಾಪಸು ಬಂದಿತ್ತು. ತೊಡೆಗೆ ಬರಲಿಲ್ಲ, ಹೊಟ್ಟೆಗೆ ಬಂತು. ರೇಡಿಯೋ ಫ್ರೀಕ್ವೆನ್ಸಿ ಅಷ್ಟು ಕೊಬ್ಬು ತೆಗೆಯುವುದೇ ಇಲ್ಲ, ಆದ್ದರಿಂದ ಆ ಮಟ್ಟದ ಹಾನಿಯನ್ನೂ ಅದರ ಮೇಲೆ ಹೊರಿಸಲಾರೆ. ದೇಹದ ಲೆಕ್ಕಪುಸ್ತಕ ಹೇಗೆ ನಡೆಯುತ್ತದೆ ಎಂದು ತಿಳಿಯಲಿ ಅಂತ ಹೇಳಿದೆ.

ಬಾಗಿಲಲ್ಲಿ ನಿಂತಿದ್ದ ಆ ಮಗಳಿಗೆ ವಾಪಸು ಬರುತ್ತೇನೆ. "ಹಾರ್ಟಿಗೆ ಏನೂ ಆಗಲ್ಲ. ಕೆಟ್ಟದ್ದೂ ಆಗಲ್ಲ, ಒಳ್ಳೇದೂ ಆಗಲ್ಲ. ಒಂದು ನಿಮಿಷ ಕೂತ್ಕೊಳ್ಳಿ" ಅಂದೆ. ಬಿಪಿ ನೋಡಿದೆ, 138/88. ಟೇಪು ತೆಗೆದು ಸೊಂಟ ಅಳೆದೆ, 91 ಸೆಂಟಿಮೀಟರ್. ಅವರ ಫೋನಿನಲ್ಲೇ ಕಂಪನಿಯ ವಾರ್ಷಿಕ ಚೆಕಪ್ ವರದಿ ಇತ್ತು, ಮೂರು ತಿಂಗಳ ಸಕ್ಕರೆಯ ಸರಾಸರಿ 6.1. ತಂದೆ ತೀರಿಕೊಂಡದ್ದು ನಲವತ್ತೊಂಬತ್ತಕ್ಕೆ, ಹೃದಯಾಘಾತ. ಈ ನಾಲ್ಕರಲ್ಲಿ ಒಂದರ ಬಗ್ಗೆಯೂ ಅವರು ನನ್ನನ್ನು ಕೇಳಿರಲಿಲ್ಲ. ಕೇಳಿದ್ದು ತೊಡೆಯ ಬಗ್ಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ನಮ್ಮ ಗಾದೆ ಇಷ್ಟು ಅಕ್ಷರಶಃ ನನ್ನ ಮುಂದೆ ಎಂದೂ ನಿಂತಿರಲಿಲ್ಲ. ಜ್ವರ ಹೊಟ್ಟೆಯಲ್ಲಿ, ಬಿಸಿ ಬರೆ ತೊಡೆಗೆ.

ನಮ್ಮಂಥವರಿಗೆ, ಅಂದರೆ ದಕ್ಷಿಣ ಏಷ್ಯಾದವರಿಗೆ, ಸೊಂಟ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ. ಅಳೆಯುವುದು ಪ್ಯಾಂಟಿನ ಬೆಲ್ಟ್ ಕಟ್ಟುವಲ್ಲಿ ಅಲ್ಲ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಸಹಜವಾಗಿ ಬಿಟ್ಟ ಮೇಲೆ. ನಮ್ಮ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಮತ್ತು ಐಸಿಎಂಆರ್ ಸೇರಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳು, ನೂರರಲ್ಲಿ ಸುಮಾರು 40 ಮಂದಿಗೆ ಹೊಟ್ಟೆಯ ಬೊಜ್ಜು. ತೂಕದ ಯಂತ್ರದ ಮೇಲೆ ಸರಿಯಾಗಿ ಕಾಣುವ, ತೆಳ್ಳನೆಯ ಕೈಕಾಲಿನ, ಸಣ್ಣ ಹೊಟ್ಟೆಯ ನಮ್ಮ ಗಂಡಸರು ಇದರಲ್ಲಿ ಸೇರಿದ್ದಾರೆ. ಅವರು ಯಾರೂ ಕ್ಲಿನಿಕ್ಕಿನ ಜಾಹೀರಾತು ನೋಡುವುದಿಲ್ಲ, ನನ್ನನ್ನು ಕಾಣುವುದು ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಯಲ್ಲಿ. ಈ ಲೇಖನ ಹೆಂಡತಿಗೆ ಫಾರ್ವರ್ಡ್ ಮಾಡುವ ಮೊದಲು ಯಜಮಾನರು ತಮ್ಮ ಸೊಂಟವನ್ನೊಮ್ಮೆ ಅಳೆದುಕೊಳ್ಳಲಿ.

ಜನ ಈ ಯಂತ್ರದ ಕಡೆ ಯಾಕೆ ಹೋಗುತ್ತಾರೆ ಎಂದು ನನಗೆ ಅರ್ಥವಾಗುತ್ತದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು, 21 ವರ್ಷ. 2024ರ ಏಪ್ರಿಲ್‌ನಲ್ಲಿ ಇಲ್ಲೇ ಪಮ್ಮಲ್‌ನಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಬಂದ ಪುದುಚೇರಿಯ 26 ವರ್ಷದ ಹುಡುಗ ಹೋದ. ಕತ್ತರಿ ಬೇಡ, ಬಿಸಿ ಕೊಡುವುದಾದರೆ ಪರವಾಗಿಲ್ಲ ಅನ್ನಿಸುವುದು ಸಹಜ. ಹೋಲಿಸಿದರೆ ಇದು ಎಷ್ಟೋ ಸುರಕ್ಷಿತ, ಅದನ್ನು ಒಪ್ಪುತ್ತೇನೆ. ಕೆಂಪಾಗುವುದು, ಊತ, ಕೆಲವೊಮ್ಮೆ ಸುಟ್ಟ ಗಾಯ, ಅಪರೂಪಕ್ಕೆ ಗಂಟು, ಇಷ್ಟೇ. ಸೂಜಿ ಚುಚ್ಚಿ ರೇಡಿಯೋ ಫ್ರೀಕ್ವೆನ್ಸಿ ಕೊಡುವ ಯಂತ್ರಗಳ ಮಾತು ಬೇರೆ. ಅವುಗಳಿಂದಾದ ಸುಟ್ಟ ಗಾಯ, ಕಲೆ, ನರಕ್ಕೆ ಪೆಟ್ಟಿನ ಬಗ್ಗೆ ಅಮೆರಿಕದ ಎಫ್‌ಡಿಎ 2025ರ ಅಕ್ಟೋಬರಿನಲ್ಲಿ ಎಚ್ಚರಿಕೆ ಕೊಟ್ಟಿದೆ.

ತೊಡೆ ದಪ್ಪ ಎಂದು ಬರುವವರೆಲ್ಲರ ತೊಡೆಯಲ್ಲೂ ಇರುವುದು ಕೊಬ್ಬೇ ಅಲ್ಲ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಪಾದ, ಕಣಕಾಲು ಊದಿ ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿದ್ದರೆ ಹೃದಯ, ಮೂತ್ರಪಿಂಡ ನೋಡಬೇಕು. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಕಾಲು ಊದುತ್ತದೆ, ಅದಕ್ಕೆ ಮಾತ್ರೆ ಬದಲಿಸಿದರೆ ಸಾಕು. ಎರಡೂ ಕಾಲು ಸಮನಾಗಿ ದಪ್ಪ, ಪಾದ ಮಾತ್ರ ಸಪೂರ, ಮುಟ್ಟಿದರೆ ನೋವು, ಸುಮ್ಮನೆ ತಾಗಿದರೂ ನೀಲಿಗಟ್ಟುವುದು, ಉಪವಾಸ ಮಾಡಿದರೂ ಇಳಿಯದ್ದು, ಹೀಗಿದ್ದರೆ ಲಿಪೆಡೀಮಾ ಎಂಬ ಕಾಯಿಲೆ ಇರಬಹುದು. 1940ರಲ್ಲೇ ಅದನ್ನು ಗುರುತಿಸಿ ಬರೆದಿದ್ದಾರೆ, ಆದರೂ ಇವತ್ತಿಗೂ ಎಷ್ಟೋ ಹೆಂಗಸರಿಗೆ ಸಿಗುವುದು "ತಿನ್ನೋದು ಕಡಿಮೆ ಮಾಡಮ್ಮ" ಎಂಬ ಬೈಗುಳ ಮಾತ್ರ.

ಇಷ್ಟೆಲ್ಲ ತಿಳಿದೂ, ತೊಡೆ ಉಜ್ಜಿ ಚೆನ್ನೈನ ಸೆಕೆಗೆ ಹುಣ್ಣಾಗುತ್ತದೆ, ಇಲ್ಲವೇ ಕನ್ನಡಿ ಮುಂದೆ ನಿಂತರೆ ಮನಸ್ಸಿಗೆ ಕಷ್ಟವಾಗುತ್ತದೆ, ಕೈಯಲ್ಲಿ ದುಡ್ಡಿದೆ, ಮಾಡಿಸಿಕೊಳ್ಳುತ್ತೇನೆ ಎಂದರೆ ನಾನು ಬೇಡ ಎನ್ನುವುದಿಲ್ಲ. ಅದು ನಿಮ್ಮ ದೇಹ. ಎಂಡಿ ಮಾಡಿದ ಚರ್ಮರೋಗ ತಜ್ಞರು ಖುದ್ದಾಗಿ ಪರೀಕ್ಷಿಸುವ ಜಾಗಕ್ಕೆ ಹೋಗಿ, ಬರೀ ಕೌನ್ಸೆಲರ್ ಎನ್ನುವವರ ಮಾತಿಗೆ ಸಹಿ ಹಾಕಬೇಡಿ. ಒಂದು ಸಿಟ್ಟಿಂಗ್ ನೋಡಿ ಮುಂದಿನದಕ್ಕೆ ಕಟ್ಟುತ್ತೇನೆ ಅನ್ನಿ. ಸಾಲದ ಕಂತು ಬೇಡವೇ ಬೇಡ. ಮಧುಮೇಹದಿಂದ ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಸುಡುತ್ತಿರುವುದೇ ಗೊತ್ತಾಗದು, ಅವರು ದೂರವಿರಲಿ. ಗರ್ಭಿಣಿಯರು, ಸೊಂಟ ಅಥವಾ ಮಂಡಿಯಲ್ಲಿ ಲೋಹದ ಕೀಲು ಇರುವವರು ಕೂಡ.

ಅವತ್ತಿನ ಕತೆ ಅಲ್ಲಿಗೆ ಮುಗಿದಿರಲಿಲ್ಲ. ಮಗಳು ಕೂತಿದ್ದನ್ನು ನೋಡಿ ತಾಯಿ ಒಳಗೆ ಬಂದರು. ವಿಷಯ ಗೊತ್ತಾದ ಮೇಲೆ ನಗುತ್ತಾ ಅಂದರು: "ನೋಡಪ್ಪಾ, ಅವಳು ಎಂಟು ಸಿಟ್ಟಿಂಗ್ ತಗೊಂಡ್ರೆ ನಂಗೆ ಎರಡು ಫ್ರೀ ಅಂತೆ. ಮಂಡಿ ನೋವಿಗೂ ಒಳ್ಳೇದಂತೆ ಆ ಬಿಸಿ. ಶನಿವಾರ ಬನ್ನಿ ಅಂದಿದಾರೆ."

ಪೇಸ್‌ಮೇಕರ್ ಇದೆಯಾ ಎಂದು ಯಾರಾದರೂ ಕೇಳಿದರೇ ಎಂದೆ. ಕೇಳಿರಲಿಲ್ಲ. ಚರ್ಮಕ್ಕೆ ತಾಗದೆ ಕೆಲಸ ಮಾಡುವ ಕೆಲವು ಯಂತ್ರಗಳು ನಡೆಯುವುದು 27.12 ಮೆಗಾಹರ್ಟ್ಸ್‌ನಲ್ಲಿ, ಫಿಸಿಯೋಥೆರಪಿಯ ಶಾರ್ಟ್‌ವೇವ್ ಡಯಾಥರ್ಮಿ ನಡೆಯುವುದೂ ಅದರಲ್ಲೇ. ಪೇಸ್‌ಮೇಕರ್ ಅದನ್ನು ಹೃದಯದ ಬಡಿತವೆಂದು ತಪ್ಪು ತಿಳಿದು ತನ್ನ ಕೆಲಸ ನಿಲ್ಲಿಸಬಹುದು, ತಂತಿಯ ತುದಿ ಬಿಸಿಯಾಗಿ ಹೃದಯದ ಮಾಂಸಕ್ಕೆ ಪೆಟ್ಟಾಗಬಹುದು. ಐಸಿಡಿ ಇದ್ದವರಿಗೆ ಬೇಡದ ಶಾಕ್ ಹೊಡೆಯಬಹುದು. ಆ ಅಮ್ಮನ ಹೃದಯ ಪೂರ್ತಿಯಾಗಿ ಆ ಪುಟ್ಟ ಡಬ್ಬಿಯನ್ನೇ ನೆಚ್ಚಿಕೊಂಡಿದೆ. ಅದು ಹತ್ತು ಸೆಕೆಂಡು ಸುಮ್ಮನಾದರೆ ಅವರು ಅಲ್ಲೇ ಬೀಳುತ್ತಾರೆ.

ಮಗಳು ಅವತ್ತು ಮುಂಗಡದ ಐದು ಸಾವಿರ ಬಿಟ್ಟು ಬುಕಿಂಗ್ ರದ್ದು ಮಾಡಿದರು. ಈಗ ರಾತ್ರಿ ಊಟವಾದ ಮೇಲೆ ಅಪಾರ್ಟ್‌ಮೆಂಟಿನಲ್ಲೇ ನಲವತ್ತು ನಿಮಿಷ ನಡೆಯುತ್ತಾರೆ, ವಾರಕ್ಕೆ ಮೂರು ದಿನ ಕುರ್ಚಿ ಹಿಡಿದು ಬಸ್ಕಿ ಹೊಡೆಯುತ್ತಾರೆ. ತೊಡೆಯ ಅಳತೆ ಇಳಿದಿಲ್ಲ. ಸೊಂಟ 91 ಇದ್ದದ್ದು 89ಕ್ಕೆ ಬಂದಿದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಅದರ ಕಾರ್ಡಿನ ಫೋಟೋವನ್ನು ಇವತ್ತೇ ಮನೆಮಂದಿಯೆಲ್ಲರ ಫೋನಿನಲ್ಲಿ ಹಾಕಿಡಿ. ಯಾವ ಯಂತ್ರದ ಕೆಳಗೆ ಮಲಗುವ ಮೊದಲೂ, ಅವರು ಕೇಳದಿದ್ದರೂ, ನೀವೇ ಅದನ್ನು ತೋರಿಸಿ.